ಆಶ್ರಯ ಕೇಂದ್ರದಲ್ಲಿ ಹಾಸಿಗೆ ಖಾಲಿ, ಬಸ್ ನಿಲ್ದಾಣದ ನೆಲ ಭರ್ತಿ: ವಸತಿಹೀನತೆ ತಡೆಯುವ ಕೆಲಸ ಎಲ್ಲಿ ಎಡವುತ್ತಿದೆ?

ಮಧ್ಯ ಕರ್ನಾಟಕದ ನಿವಾಸಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮಗಳನ್ನು ಮೊದಲ ಬಸ್ಸಿಗೆ ಹತ್ತಿಸಲೆಂದು ಬೆಳಗಿನ ನಾಲ್ಕು ಗಂಟೆಗೆ ನಮ್ಮೂರಿನ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಗೋಡೆಯುದ್ದಕ್ಕೂ ಮಲಗಿದ್ದವರನ್ನು ಎಣಿಸಿದೆ, ಮೂವತ್ತೊಂದು ಮಂದಿ ಇದ್ದರು. ಅವರಲ್ಲಿ ಪ್ರಯಾಣಿಕರು ಯಾರು, ನೆಲೆಯಿಲ್ಲದವರು ಯಾರು ಎಂಬುದು ತಲೆಯ ಕೆಳಗಿನ ಗಂಟು ನೋಡಿದರೆ ಗೊತ್ತಾಗುತ್ತಿತ್ತು. ಪ್ರಯಾಣಿಕರು ಬ್ಯಾಗಿನ ಮೇಲೆ ತಲೆಯಿಟ್ಟಿದ್ದರು. ಉಳಿದವರ ತಲೆದಿಂಬು ಸಿಮೆಂಟ್ ಚೀಲವಾಗಿತ್ತು. ಒಂದು ಚೀಲದ ಹರುಕಿನಿಂದ ಗಾರೆ ಕೆಲಸದ ಕರಣೆಯ ಹಿಡಿ ಹೊರಗೆ ಇಣುಕುತ್ತಿತ್ತು.

ನಮ್ಮೂರಿನಲ್ಲಿ ವಸತಿರಹಿತರಿಗಾಗಿ ಸರ್ಕಾರದ ಹಣದಿಂದ ನಡೆಯುವ ಆಶ್ರಯ ಕೇಂದ್ರವೊಂದಿದೆ ಎಂಬುದು ನೆನಪಾಗಿ ಅದೇ ದಿನ ರಾತ್ರಿ ಅಲ್ಲಿಗೂ ಹೋದೆ. ಐವತ್ತು ಹಾಸಿಗೆಗಳಲ್ಲಿ ಹನ್ನೊಂದರಲ್ಲಿ ಮಾತ್ರ ಜನರಿದ್ದರು. ಅಂದಿನಿಂದ ಈ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ವಿಷಯದ ಹಿನ್ನೆಲೆ ಹೀಗಿದೆ. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯಲ್ಲಿ ತಾತ್ಕಾಲಿಕ ತಂಗುದಾಣವೊಂದನ್ನು ತೆರವುಗೊಳಿಸಿದ ಬಳಿಕ ಬೀದಿಯಲ್ಲಿ ಸಾವುಗಳು ಸಂಭವಿಸಿದವು. ಆಹಾರದ ಹಕ್ಕಿನ ಪ್ರಕರಣದಲ್ಲಿ ನೇಮಕಗೊಂಡಿದ್ದ ಆಯುಕ್ತರು 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದು ಇದನ್ನು ಗಮನಕ್ಕೆ ತಂದರು. ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ, ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂಬ ಮಾತು ಆ ಪ್ರಕರಣದಿಂದ ಬಂದದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನೇ ಯೋಜನೆಯಾಗಿ ರೂಪಿಸಿತು. ಲಕ್ಷ ಜನರಿಗೆ ಕನಿಷ್ಠ ನೂರು ಮಂದಿಯ ಆಶ್ರಯ, ಒಬ್ಬರಿಗೆ ಐವತ್ತು ಚದರಡಿ ಜಾಗ, ಕುಡಿಯುವ ನೀರು, ಸ್ನಾನ, ಅಡುಗೆಯ ಸ್ಥಳ, ಸಾಮಾನಿಗೆ ಬೀಗವಿರುವ ಪೆಟ್ಟಿಗೆ ಇವೆಲ್ಲ ಮಾರ್ಗಸೂಚಿಯಲ್ಲಿವೆ. ಕಾಗದದಲ್ಲಿ ಇಷ್ಟು ಚೆನ್ನಾಗಿರುವುದು ಬಸ್ ನಿಲ್ದಾಣದ ಮೂವತ್ತೊಂದು ಜನರನ್ನು ಏಕೆ ತಲುಪಿಲ್ಲ? ಈ ಕೆಲಸದೊಳಗೆ ಇದ್ದವರು ದಯವಿಟ್ಟು ಬರೆಯಿರಿ.

ಮಾಜಿ ಮೇಲ್ವಿಚಾರಕಿ:

ಸರ್, ನಾನು ಇಂತಹ ಕೇಂದ್ರವೊಂದರಲ್ಲಿ ನಾಲ್ಕು ವರ್ಷ ಮೇಲ್ವಿಚಾರಕಿಯಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಈಗಲೂ ಒಳ್ಳೆಯವರು ಕೆಲಸ ಮಾಡುತ್ತಿದ್ದಾರೆ. ತಮ್ಮ ಪ್ರಶ್ನೆಗೆ ಮೊದಲ ಉತ್ತರ ದೂರ. ಮಾರ್ಗಸೂಚಿ ಹೇಳುವುದು ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ಸಗಟು ಮಂಡಿಗಳ ಹತ್ತಿರ ಕೇಂದ್ರವಿರಬೇಕೆಂದು. ಆದರೆ ಅಂತಹ ಜಾಗದಲ್ಲಿ ಸ್ಥಳೀಯ ಸಂಸ್ಥೆಗೆ ಒಂದು ಕೋಣೆ ಸಿಕ್ಕರೂ ಅದು ಮಳಿಗೆಯಾಗಿ ಹರಾಜಿಗೆ ಹೋಗುತ್ತದೆ, ಏಕೆಂದರೆ ಬಾಡಿಗೆ ಬರುತ್ತದೆ. ಆಶ್ರಯ ಕೇಂದ್ರಕ್ಕೆ ಊರಾಚೆಯ ಹಳೆಯ ಸಮುದಾಯ ಭವನ ಉಳಿಯುತ್ತದೆ. ಎಪಿಎಂಸಿಯಲ್ಲಿ ತರಕಾರಿ ಲಾರಿ ಬರುವುದು ಬೆಳಗಿನ ಜಾವ ಮೂರಕ್ಕೆ. ಹಮಾಲಿ ಮಾಡುವವನು ಲಾರಿಯ ಹಾರ್ನ್ ಕೇಳಿಸುವಷ್ಟು ಹತ್ತಿರ ಮಲಗಿರಬೇಕು, ಇಲ್ಲದಿದ್ದರೆ ಅಂದಿನ ಕೂಲಿ ಬೇರೆಯವರ ಪಾಲು. ಮೂರು ಕಿಲೋಮೀಟರ್ ಆಚೆ ನಾವು ಎಷ್ಟೇ ಶುಭ್ರವಾದ ಹಾಸಿಗೆ ಹಾಸಿಟ್ಟರೂ ಅವನಿಗೆ ಅದು ಕೂಲಿ ಕಳೆಯುವ ಹಾಸಿಗೆಯೇ.

ಎರಡನೆಯದು ಕುಟುಂಬ. ಹೆಚ್ಚಿನ ಕೇಂದ್ರಗಳು ಗಂಡಸರಿಗೆ ಮಾತ್ರ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬರುವವರು ಗಂಡ, ಹೆಂಡತಿ, ಮಕ್ಕಳು, ಕೆಲವೊಮ್ಮೆ ಅತ್ತೆಯೊಂದಿಗೆ ಬರುತ್ತಾರೆ. ಗಂಡಸು ಒಂದು ಕಡೆ, ಹೆಂಗಸು ಮಕ್ಕಳು ಇನ್ನೊಂದು ಕಡೆ ಎಂದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕೆಂದು ನಾವು ಬಯಸುವುದೂ ತಪ್ಪು. ಹಾಗಾಗಿ ಅವರು ಖಾಲಿ ನಿವೇಶನದಲ್ಲಿ ನೀಲಿ ತಾಡಪಾಲು ಕಟ್ಟಿಕೊಂಡು ಇರುತ್ತಾರೆ.

ಮೂರನೆಯದು ಬಾಗಿಲಲ್ಲಿ ಕೇಳುವ ಪ್ರಶ್ನೆ. ಆಧಾರ್ ಇಲ್ಲದವರಿಗೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ, ಪಿಂಚಣಿ ಕೊಡಿಸುವುದೇ ಕೇಂದ್ರದ ಮುಖ್ಯ ಕೆಲಸಗಳಲ್ಲೊಂದು. ನಾನು ಸೇರಿದಾಗ ಅಲ್ಲಿ ಮೊದಲು ಕೇಳುತ್ತಿದ್ದದ್ದೇ ಆಧಾರ್. ಮೇಲಿನವರಿಗೆ ಪೊಲೀಸರ ಭಯವಿತ್ತು, ತಪ್ಪೆನ್ನಲಾರೆ. ಕೊನೆಗೆ ಒಂದು ಪುಸ್ತಕ ಇಟ್ಟು ಹೆಸರು, ಊರು, ಹೆಬ್ಬೆಟ್ಟು ಬರೆಸಿಕೊಂಡು ಒಳಗೆ ಬಿಡುವ ಪದ್ಧತಿ ಮಾಡಿದೆವು. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ದೃಢೀಕರಣ ಪತ್ರ ಆಧಾರ್ ಮಾಡಿಸಲು ದಾಖಲೆಯಾಗುತ್ತದೆ ಎಂಬುದು ಗೊತ್ತಾದ ಮೇಲೆ ಕೆಲಸ ಸುಲಭವಾಯಿತು.

ಒಬ್ಬ ಹಿರಿಯರ ವಿಷಯ ಹೇಳಲೇಬೇಕು. ಎಪ್ಪತ್ತು ದಾಟಿದವರು, ಹೋಟೆಲುಗಳಲ್ಲಿ ತಟ್ಟೆ ತೊಳೆದು ಬದುಕಿದವರು. ಬಂದ ಮೊದಲ ವಾರ ಚೀಲವನ್ನು ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಅವರಿಗೊಂದು ಲಾಕರ್ ಕೊಟ್ಟೆವು. ಅದರ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅಂದಿನಿಂದ ಕಾಲು ಚಾಚಿ ಮಲಗತೊಡಗಿದರು. ಆಮೇಲೆ ಆಧಾರ್ ಆಯಿತು, ಖಾತೆ ಆಯಿತು, ಸಂಧ್ಯಾ ಸುರಕ್ಷಾ ಪಿಂಚಣಿ ಬಂತು, ಪಿಂಚಣಿಯ ಧೈರ್ಯದ ಮೇಲೆ ಇನ್ನೊಬ್ಬರ ಜೊತೆ ಸೇರಿ ಸಣ್ಣ ಕೋಣೆ ಹಿಡಿದರು. ಇದಕ್ಕೆಲ್ಲ ಹದಿನಾಲ್ಕು ತಿಂಗಳು ಬೇಕಾಯಿತು. ಮಾಸಿಕ ವರದಿಯಲ್ಲಿ ತುಂಬಬೇಕಾದ ಕಾಲಂ ಇದ್ದದ್ದು ‘ಈ ರಾತ್ರಿ ತಂಗಿದವರ ಸಂಖ್ಯೆ’ ಎಂಬುದಕ್ಕೆ ಮಾತ್ರ. ಕೇಂದ್ರ ಬಿಟ್ಟು ಸ್ವಂತ ನೆಲೆಗೆ ಹೋದವರ ಸಂಖ್ಯೆಯನ್ನು ಯಾರೂ ನಮ್ಮನ್ನು ಕೇಳಲಿಲ್ಲ.

ಕರ ಕಟ್ಟುವ ನಾಗರಿಕ:

ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಉಪಕರವನ್ನೂ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ಬಸ್ ನಿಲ್ದಾಣದಲ್ಲಿ ಮಲಗುವವರನ್ನು ಅಲ್ಲಿಗೆ ಕಳುಹಿಸಿದರೆ ಇನ್ನೊಂದು ಯೋಜನೆ ಏಕೆ ಬೇಕು ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ.

ಹುಬ್ಬಳ್ಳಿಯ ವಕೀಲ:

ಪ್ರಶ್ನೆ ಸಹಜವಾದದ್ದು, ಆದರೆ ಎರಡೂ ಬೇರೆ ಬೇರೆ. ನಿರಾಶ್ರಿತರ ಪರಿಹಾರ ಕೇಂದ್ರಗಳು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುತ್ತವೆ, ತಾವು ಕಟ್ಟುವ ಶೇ 3ರ ಉಪಕರ ಅದಕ್ಕೇ ಮೀಸಲು. ಅಲ್ಲಿಗೆ ಒಬ್ಬರನ್ನು ಹಿಡಿದು ಕರೆದೊಯ್ಯಲು ಕಾಯ್ದೆ ಅಧಿಕಾರ ಕೊಡುತ್ತದೆ, ಹೊರಡುವುದು ಅವರ ಇಚ್ಛೆಗೆ ಬಿಟ್ಟದ್ದಲ್ಲ. ಆಶ್ರಯ ಕೇಂದ್ರಕ್ಕೆ ಮನುಷ್ಯ ತಾನಾಗಿ ಬರುತ್ತಾನೆ, ಬೆಳಗ್ಗೆ ಕೆಲಸಕ್ಕೆ ಹೋಗುತ್ತಾನೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅನೇಕರು ತೀರಿಕೊಂಡದ್ದು ಈ ವೇದಿಕೆಯ ಹಿರಿಯರಿಗೆ ನೆನಪಿರಬಹುದು. ಬಸ್ ನಿಲ್ದಾಣದಲ್ಲಿ ಕರಣೆಯನ್ನು ತಲೆಯಡಿ ಇಟ್ಟುಕೊಂಡು ಮಲಗಿದ ಗಾರೆ ಕೆಲಸದವನು ಭಿಕ್ಷುಕನಲ್ಲ. ಅವನನ್ನು ವಾಹನಕ್ಕೆ ಹತ್ತಿಸಿದರೆ ಅವನ ಮರುದಿನದ ಕೂಲಿಯನ್ನೂ ಕಸಿದಂತೆ. 1985ರಲ್ಲಿ ಮುಂಬೈನ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಸಂಬಂಧವನ್ನು ಗುರುತಿಸಿತು: ಜನ ಕೆಲಸ ಇರುವ ಕಡೆ ಮಲಗುತ್ತಾರೆ, ಅಲ್ಲಿಂದ ಎಬ್ಬಿಸುವುದು ಜೀವನೋಪಾಯದಿಂದ ಎಬ್ಬಿಸಿದಂತೆ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ. ಆ ತೀರ್ಪಿನಲ್ಲಿಯೂ ತೆರವಿಗೆ ಕೊನೆಗೆ ಅವಕಾಶ ಸಿಕ್ಕಿತು ಎಂಬುದನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ನಿವೃತ್ತ ಕಂದಾಯ ನೌಕರ:

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಎಲ್ಲರೂ ಬೀದಿಗೆ ಬಂದವರ ಬಗ್ಗೆ ಮಾತನಾಡುತ್ತಿದ್ದೀರಿ. ಬೀದಿಗೆ ಬಾರದಂತೆ ತಡೆಯುವ ಕೆಲಸ ತಾಲ್ಲೂಕು ಕಚೇರಿಯಲ್ಲಿ ನಡೆಯುತ್ತದೆ ಎಂದು ನನ್ನ ಮೂವತ್ತು ವರ್ಷಗಳ ಸೇವೆ ನನಗೆ ಕಲಿಸಿದೆ. ಸರ್ಕಾರಿ ಜಾಗದಲ್ಲಿ ಹಿಂದಿನಿಂದ ಮನೆ ಕಟ್ಟಿಕೊಂಡು ವಾಸವಿರುವವರಿಗೆ ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ ಕಲಮಿನಡಿ ಸಕ್ರಮಕ್ಕೆ ಅರ್ಜಿ ಹಾಕಲು ಭೂಕಂದಾಯ ಕಾಯ್ದೆ ಅವಕಾಶ ಕೊಟ್ಟಿದೆ. ಖಾಸಗಿ ಜಮೀನಿನಲ್ಲಿ ತಲೆಮಾರುಗಳಿಂದ ಗುಡಿಸಲು ಹಾಕಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಭೂಸುಧಾರಣೆ ಕಾಯ್ದೆಯ 38ಎ ಕಲಂ ಇದೆ. ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಉಳಿದದ್ದು ಅದರಿಂದ. ತಾಂಡಾ, ಹಟ್ಟಿ, ಹಾಡಿಗಳಂತಹ ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸವೂ ಇದರೊಡನೆಯೇ ನಡೆಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಲಂಬಾಣಿ ತಾಂಡಾಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಸಮಾರಂಭ ಆದದ್ದು ಹಲವರಿಗೆ ಗೊತ್ತಿದೆ.

ಹಕ್ಕುಪತ್ರಕ್ಕೂ ವಸತಿಹೀನತೆಗೂ ಏನು ಸಂಬಂಧ ಎಂದು ಕೇಳಬಹುದು. ಹೇಳುತ್ತೇನೆ. ಕಾಗದ ಇಲ್ಲದ ಮನೆಯನ್ನು ರಸ್ತೆ ಅಗಲೀಕರಣದ ದಿನ ಜೆಸಿಬಿ ಒಂದು ಗಂಟೆಯಲ್ಲಿ ಕೆಡವುತ್ತದೆ, ಪರಿಹಾರದ ಪಟ್ಟಿಯಲ್ಲಿ ಹೆಸರೂ ಇರುವುದಿಲ್ಲ. ಕಾಗದ ಇರುವ ಮನೆಗೆ ನೋಟಿಸ್ ಬರುತ್ತದೆ, ಹಿಯರಿಂಗ್ ಆಗುತ್ತದೆ, ಪರಿಹಾರ ನಿಗದಿಯಾಗುತ್ತದೆ. ಒಬ್ಬ ತಾಯಿ ಹಕ್ಕುಪತ್ರ ಪಡೆದ ದಿನ ಅದನ್ನು ನಮ್ಮ ಮೇಜಿನ ಮೇಲೇ ಮೂರು ಮಡಿಕೆ ಮಾಡಿ, ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಫೈಲು ಮೂರು ವರ್ಷ ನಮ್ಮ ಕಚೇರಿಯಲ್ಲೇ ಕುಳಿತಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಸರ್ವೆಯರ್ ಇರಲಿಲ್ಲ, ನಕ್ಷೆ ಇರಲಿಲ್ಲ ಎಂಬುದೆಲ್ಲ ನಿಜವಾದ ಕಾರಣಗಳೇ. ಆದರೂ ಆ ಮೂರು ವರ್ಷ ಆ ಮನೆ ಯಾವ ದಿನ ಬೇಕಾದರೂ ಹೋಗಬಹುದಿತ್ತು.

ಗ್ರಾಮ ಪಂಚಾಯಿತಿ ಸದಸ್ಯೆ, ಉತ್ತರ ಕರ್ನಾಟಕ:

ಅಣ್ಣಾವ್ರು ಹೇಳಿದ್ದು ಸರಿ. ನಾನು ಇನ್ನೊಂದು ಮಾತು ಸೇರಿಸುತ್ತೇನೆ, ಇದನ್ನು ಹೇಳಲು ನನಗೆ ನೋವಾಗುತ್ತದೆ. ವಸತಿ ಯೋಜನೆಯೇ ಕೆಲವರನ್ನು ಮನೆಯಿಲ್ಲದವರನ್ನಾಗಿ ಮಾಡುತ್ತದೆ.

ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲಿ ಸ್ಥಾಪನೆಯಾದಾಗಿನಿಂದ ನಮ್ಮ ಹಳ್ಳಿಗಳಲ್ಲಿ ಆಗಿರುವ ಮನೆಗಳನ್ನು ನಾನು ಕಣ್ಣಾರೆ ಕಂಡವಳು, ಆದ್ದರಿಂದ ಯೋಜನೆಯನ್ನು ಹಳಿಯುತ್ತಿಲ್ಲ. ಗ್ರಾಮಸಭೆಯಲ್ಲಿ ಫಲಾನುಭವಿಯ ಆಯ್ಕೆ, ಹೆಣ್ಣುಮಗಳ ಹೆಸರಿಗೆ ಮಂಜೂರಾತಿ, ಹಣ ನೇರವಾಗಿ ಖಾತೆಗೆ, ಇವೆಲ್ಲ ದೊಡ್ಡ ಸಂಗತಿಗಳು. ಬಸವ ವಸತಿಯಲ್ಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ ರೂಪಾಯಿ. ಹಣ ಒಮ್ಮೆಲೇ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಜಿಪಿಎಸ್ ಫೋಟೊ ಹಾಕಬೇಕು, ಫೋಟೊ ಒಪ್ಪಿಗೆಯಾದ ಮೇಲೆ ಬಿಲ್, ಅಂದರೆ ಆ ಹಂತದ ಹಣ. ಬಡವರಿಗೆ ಬೇರೆ ನಿವೇಶನ ಎಲ್ಲಿರುತ್ತದೆ? ಇದ್ದ ಮಣ್ಣಿನ ಮನೆ ಕೆಡವಿಯೇ ಅದೇ ಜಾಗದಲ್ಲಿ ತಳಪಾಯ ತೆಗೆಯಬೇಕು. ಅಲ್ಲಿಂದ ಬಿಲ್ ನಿಂತರೆ ಆ ಮನೆಯವರು ಎಲ್ಲಿಗೆ ಹೋಗಬೇಕು?

ನಮ್ಮ ಓಣಿಯ ಒಂದು ಮನೆ ಲಿಂಟಲ್ ಮಟ್ಟದಲ್ಲಿ ಎರಡು ಮಳೆಗಾಲ ನಿಂತಿತ್ತು. ಬಿಲ್ ತಡವಾಗಿತ್ತು, ಸಾಲ ಕೊಟ್ಟ ಅಂಗಡಿಯವರು ಸಿಮೆಂಟ್ ನಿಲ್ಲಿಸಿದ್ದರು. ಛಾವಣಿ ಇಲ್ಲದ ಗೋಡೆಗಳ ನಡುವೆ ತಗಡು ಹೊದಿಸಿಕೊಂಡು ಆ ಅವ್ವ ಒಲೆ ಹೂಡಿದ್ದರು, ಮಳೆ ಬಂದರೆ ಹಿಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂರುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಅವರು ವಸತಿರಹಿತರಲ್ಲ, ಫಲಾನುಭವಿ. ಮಗ ಬಿಲ್ಲಿಗೆ ಕಾದು ಕಾದು, ಸಾಲ ತೀರಿಸಲು ಬೆಂಗಳೂರಿಗೆ ಗುಳೆ ಹೋದ. ಮೇಡಂ ಹೇಳಿದ ನೀಲಿ ತಾಡಪಾಲಿನ ಕೆಳಗೆ ಈಗ ಅವನೂ ಇರಬಹುದು. ನಾನು ಈಗ ಗ್ರಾಮಸಭೆಯಲ್ಲಿ ಮಂಜೂರಾತಿ ಪತ್ರ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುವುದು ಒಂದೇ: ಎರಡನೇ ಬಿಲ್ ಬರುವವರೆಗೆ ಸಾಗುವಷ್ಟು ಸಾಮಾನು ಕೂಡಿದ ಹೊರತು ಹಳೆಯ ಮನೆಗೆ ಹಾರೆ ಹಾಕಬೇಡಿ. ಪಂಚಾಯಿತಿಗೆ ನನ್ನ ಬೇಡಿಕೆಯೂ ಒಂದೇ. ಮನೆ ಕಟ್ಟುವ ಅವಧಿಗೆ ಆ ಕುಟುಂಬ ಇರಲು ಖಾಲಿ ಬಿದ್ದಿರುವ ಶಾಲಾ ಕೋಣೆಯನ್ನೋ ಸಮುದಾಯ ಭವನವನ್ನೋ ಠರಾವು ಮಾಡಿ ಕೊಡಬೇಕು. ಅದಕ್ಕೆ ಬೆಂಗಳೂರಿನ ಅನುದಾನಕ್ಕೆ ಕಾಯಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ:

ನಾನು ಇಲ್ಲಿನ ಒಂದು ಸ್ಥಳೀಯ ಕೌನ್ಸಿಲಿನ ವಸತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸದಸ್ಯೆಯವರ ಮಾತು ಓದಿ ಬರೆಯಬೇಕೆನಿಸಿತು. 2017ರಲ್ಲಿ ಇಲ್ಲಿ ವಸತಿಹೀನತೆ ಕಡಿತಗೊಳಿಸುವ ಕಾಯ್ದೆ ಬಂತು, 2018ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದಕ್ಕೆ ಮೊದಲು ಮನೆ ಕಳೆದುಕೊಳ್ಳುವ ಅಪಾಯವಿದ್ದವರೆಂದು ಕಾನೂನು ಪರಿಗಣಿಸುತ್ತಿದ್ದದ್ದು 28 ದಿನಗಳ ಅಂತರದಲ್ಲಿದ್ದವರನ್ನು. ಕಾಯ್ದೆ ಅದನ್ನು 56 ದಿನಗಳಿಗೆ ಹೆಚ್ಚಿಸಿತು. ಆ ಎಂಟು ವಾರಗಳಲ್ಲಿ ಕೌನ್ಸಿಲ್ ಆ ಕುಟುಂಬದೊಂದಿಗೆ ಕುಳಿತು ಲಿಖಿತ ಯೋಜನೆ ಮಾಡಬೇಕು: ಮನೆ ಮಾಲೀಕರ ಜೊತೆ ಮಾತುಕತೆ, ಬಾಕಿ ಬಾಡಿಗೆಗೆ ನೆರವು, ಹೊಸ ಮನೆಯ ಮುಂಗಡ, ಹೀಗೆ.

ಇಲ್ಲಿ ಎಲ್ಲವೂ ಸುಖವಾಗಿದೆ ಎಂದು ದಯವಿಟ್ಟು ಭಾವಿಸಬೇಡಿ. ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿವೆ, ಕಡಿಮೆ ಬಾಡಿಗೆಯ ಮನೆಗಳೇ ಇಲ್ಲದಿದ್ದರೆ ಎಂಟು ವಾರವೂ ಸಾಲದು. ಆದರೆ ನನ್ನ ಕೆಲಸದಲ್ಲಿ ದಿನವೂ ಕಾಣುವುದು ಇದು: ಸಾಮಾನು ಹೊರಗೆ ಬೀಳುವ ಮೊದಲು ಬಂದವರಿಗೆ ನೆರವಾಗಲು ಹತ್ತು ದಾರಿಗಳಿರುತ್ತವೆ, ಬಿದ್ದ ಮೇಲೆ ಬಂದವರಿಗೆ ಒಂದೋ ಎರಡೋ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಮುಂಗಡಕ್ಕೆ ಅಪ್ಪ ಪಟ್ಟ ಪಾಡು ನನಗೆ ನೆನಪಿದೆ, ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳಿದ್ದರು. ಮನೆ ಬಿಡಬೇಕಾಗಿ ಬಂದ ಕೂಲಿ ಕುಟುಂಬ ಅದನ್ನು ಎಲ್ಲಿಂದ ತರುತ್ತದೆ?

ಕರ ಕಟ್ಟುವ ನಾಗರಿಕ:

ವಕೀಲರ ಉತ್ತರ ಒಪ್ಪಿದೆ, ನನ್ನ ತಿಳಿವಳಿಕೆ ತಿದ್ದಿಕೊಂಡೆ. ಆದರೆ ಬಾಡಿಗೆ ಬಾಕಿಗೆ ನಗರಸಭೆ ಹಣ ಕೊಡಲು ಶುರು ಮಾಡಿದರೆ ಬಾಡಿಗೆ ಕಟ್ಟುವವರು ಯಾರು? ಮಾಲೀಕರೂ ದರ ಏರಿಸುವುದಿಲ್ಲವೇ? ಪೌರಕಾರ್ಮಿಕರ ಸಂಬಳಕ್ಕೇ ಪರದಾಡುವ ಸಂಸ್ಥೆಗಳಿವೆ.

ಮಾಜಿ ಮೇಲ್ವಿಚಾರಕಿ:

ಸರ್, ಎಲ್ಲರಿಗೂ ಕೊಡಿ ಎಂದು ಯಾರೂ ಹೇಳುತ್ತಿಲ್ಲ, ತಮ್ಮ ಆತಂಕವೂ ಸುಳ್ಳಲ್ಲ. ನನ್ನ ಎದುರು ಬಂದ ಒಂದು ಪ್ರಕರಣದ ಲೆಕ್ಕ ಇಡುತ್ತೇನೆ. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಸಾಲದಲ್ಲಿ ಎರಡು ತಿಂಗಳ ಬಾಡಿಗೆ ನಿಂತಿತು, ಒಟ್ಟು ಒಂಬತ್ತು ಸಾವಿರ. ಮಾಲೀಕರು ಕೆಟ್ಟವರಲ್ಲ, ಅವರೂ ಆ ಬಾಡಿಗೆಯಲ್ಲೇ ಬದುಕುವವರು. ಮನೆ ಬಿಟ್ಟಳು. ಎರಡು ರಾತ್ರಿ ರೈಲು ನಿಲ್ದಾಣದಲ್ಲಿ ಮಕ್ಕಳೊಂದಿಗೆ ಕಳೆದಳು. ನಮ್ಮ ಕೇಂದ್ರ ಗಂಡಸರದ್ದು, ಅವಳನ್ನು ಒಳಗೆ ಕರೆಯುವಂತಿರಲಿಲ್ಲ. ಮಕ್ಕಳು ಹಾಸ್ಟೆಲ್ ಸೇರಿದರು, ದೊಡ್ಡವನ ಶಾಲೆ ಬದಲಾಯಿತು, ಅವಳ ಪಾಳಿ ತಪ್ಪಿ ಕೆಲಸ ಹೋಯಿತು. ಐವತ್ತು ಮಂದಿಯ ಒಂದು ಕೇಂದ್ರ ನಡೆಸಲು ಮಾರ್ಗಸೂಚಿ ವರ್ಷಕ್ಕೆ 6 ಲಕ್ಷ ರೂಪಾಯಿ ಇಟ್ಟಿತ್ತು, ಅಂದರೆ ಹಾಸಿಗೆಯೊಂದಕ್ಕೆ ವರ್ಷಕ್ಕೆ ಹನ್ನೆರಡು ಸಾವಿರ. ಒಂಬತ್ತು ಸಾವಿರದಲ್ಲಿ ಉಳಿಯಬಹುದಾಗಿದ್ದ ಮನೆಯನ್ನು ಹೋಗಲು ಬಿಟ್ಟು, ಅದಕ್ಕಿಂತ ಹೆಚ್ಚು ಹಣದಲ್ಲಿ ಖಾಲಿ ಹಾಸಿಗೆಗಳನ್ನು ಕಾಯುತ್ತಿದ್ದೆವು. ಹಣವನ್ನು ಅವಳ ಕೈಗೆ ಕೊಡುವುದೂ ಬೇಡ. ಒಂದು ಸಲಕ್ಕೆ ಮಾತ್ರ, ವಿಚಾರಣೆ ಮಾಡಿ, ನೇರವಾಗಿ ಮಾಲೀಕರ ಖಾತೆಗೆ, ಮಹಿಳಾ ಸ್ವಸಹಾಯ ಸಂಘದ ಒಕ್ಕೂಟದ ಜಾಮೀನಿನ ಮೇಲೆ ಕಂತಿನಲ್ಲಿ ಮರುಪಾವತಿ. ನಮ್ಮ ಸಂಘಗಳಿಗೆ ಇದು ಹೊಸ ಕೆಲಸವೇನಲ್ಲ, ಬಡ್ಡಿ ಲೆಕ್ಕವನ್ನು ಪೈಸೆ ಬಿಡದೆ ಇಡುತ್ತಾರೆ.

ಮಧ್ಯ ಕರ್ನಾಟಕದ ನಿವಾಸಿ:

ನಾನು ಒಂದು ಪ್ರಶ್ನೆಯೊಂದಿಗೆ ಬಂದವನು, ಅದು ತಪ್ಪು ಪ್ರಶ್ನೆಯೆಂದು ಈಗ ಅನಿಸುತ್ತಿದೆ. ಹಾಸಿಗೆ ಖಾಲಿ ಏಕೆ ಎಂದು ಕೇಳಿದ್ದೆ. ಆ ಮೂವತ್ತೊಂದು ಜನ ತಮ್ಮ ಕೊನೆಯ ಮನೆಯನ್ನು ಯಾವ ವಾರದಲ್ಲಿ, ಎಷ್ಟು ರೂಪಾಯಿಗೆ, ಯಾವ ಕಾಗದ ಇಲ್ಲದೆ ಕಳೆದುಕೊಂಡರು ಎಂದು ಕೇಳಬೇಕಿತ್ತು. ಮುಂದಿನ ವಾರ ನಮ್ಮ ಪೌರಾಯುಕ್ತರನ್ನು ಭೇಟಿಯಾಗುವವರಿದ್ದೇವೆ. ಬಸ್ ನಿಲ್ದಾಣದ ಹಿಂಭಾಗದಲ್ಲಿ ಬೀಗ ಹಾಕಿರುವ ಎರಡು ಮಳಿಗೆಗಳನ್ನು ಒಂದು ಚಳಿಗಾಲದ ಮಟ್ಟಿಗಾದರೂ ಆಶ್ರಯಕ್ಕೆ ಬಿಡಬೇಕು, ಒಂದನ್ನು ಕುಟುಂಬಗಳಿಗೇ ಮೀಸಲಿಡಬೇಕು ಎಂದು ಬರೆದುಕೊಂಡು ಹೋಗುತ್ತೇವೆ. ಮಾಸಿಕ ವರದಿಯಲ್ಲಿ ನೆಲೆ ಕಂಡುಕೊಂಡು ಹೊರಟವರ ಕಾಲಂ ಸೇರಿಸಲು ಕೇಳುತ್ತೇವೆ. ಬಾಡಿಗೆ ನೆರವಿನ ವಿಷಯ ಒಂದೇ ಭೇಟಿಯಲ್ಲಿ ಆಗುವುದಿಲ್ಲ, ಆದರೂ ಕಡತದಲ್ಲಿ ಬರಲಿ. ಬೇರೆ ಏನಾದರೂ ಸೇರಿಸಬೇಕೆ?

ನಿವೃತ್ತ ಕಂದಾಯ ನೌಕರ:

ಒಂದು ವಿಷಯ ಸೇರಿಸಿ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ. ದೇಶದಲ್ಲಿ ಸುಮಾರು 17.7 ಲಕ್ಷ, ನಮ್ಮ ರಾಜ್ಯದಲ್ಲಿ ಸುಮಾರು 76 ಸಾವಿರ ಎಂದು ಲೆಕ್ಕ ಬಂತು. ಆ ರಾತ್ರಿ ನಾನೂ ಟಾರ್ಚ್ ಹಿಡಿದು ಹೋಗಿದ್ದೆ. ನಮಗೆ ಕೊಟ್ಟ ಪಟ್ಟಿಯಲ್ಲಿ ರೈಲು ನಿಲ್ದಾಣ, ದೇವಸ್ಥಾನ, ಸೇತುವೆ ಇದ್ದವು. ಮಂಡಿಯ ಲಾರಿಗಳ ಅಡಿ, ಕಟ್ಟಡಗಳ ಸೆಲ್ಲಾರ್, ಇಟ್ಟಿಗೆ ಗೂಡಿನ ಬದಿ ಇರಲಿಲ್ಲ, ನಾವು ಅಲ್ಲಿಗೆ ಹೋಗಲೂ ಇಲ್ಲ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ಅಧಿಸೂಚನೆಯಾಗಿದೆ. ನಿಮ್ಮೂರಿನಲ್ಲಿ ಜನ ಎಲ್ಲೆಲ್ಲಿ ಮಲಗುತ್ತಾರೆ ಎಂಬ ಪಟ್ಟಿಯನ್ನು ಈಗಲೇ ಮಾಡಿ, ನಕ್ಷೆಯಲ್ಲಿ ಗುರುತು ಹಾಕಿ, ತಹಶೀಲ್ದಾರರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಾಜಿ ಮೇಲ್ವಿಚಾರಕಿ:

ಪಟ್ಟಿಗೆ ನಾನು ಬರುತ್ತೇನೆ ಸರ್. ಎರಡು ಗಂಟೆಗೆ ಹೊರಡೋಣ, ಮೂರಕ್ಕೆ ಲಾರಿಗಳು ಬಂದರೆ ಎಲ್ಲರೂ ಎದ್ದುಬಿಡುತ್ತಾರೆ. ಟಾರ್ಚನ್ನು ಯಾರ ಮುಖಕ್ಕೂ ಹಿಡಿಯುವುದು ಬೇಡ, ಕಾಲಿನ ಕಡೆ ಹಿಡಿದರೆ ಸಾಕು, ಎಷ್ಟು ಜನ ಎಂದು ತಿಳಿಯುತ್ತದೆ.